ಹಳಿ ಕಡೆ ಮುಖ ಮಾಡಿದ ನಕ್ಷತ್ರ

೧.

ಎಲ್ಲಿಂದ ಶುರು ಮಾಡಲಿ? ಮೈದಾ ಅಂಟಿನಿಂದಲೋ, ಭಾಗಮ್ಮನಿಂದಲೋ? ಅಂಟಿನಿಂದ ಶುರು ಮಾಡಿದರೆ ಎರಡು ಸಾಲಿನೊಳಗೆ ಕಥೆ ಒಣಗಿ ಹೋದೀತು. ಭಾಗಮ್ಮನಿಂದ ಶುರು ಮಾಡೋಣವೆಂದರೆ ಆಕೆಯನ್ನು ನಾನಿನ್ನೂ ಸೃಷ್ಟಿಸಿಯೇ ಇಲ್ಲ.

ನಿಜ ಹೇಳಿಬಿಡುತ್ತೇನೆ. ನನಗೆ ಕಥೆ ಬರೆಯಲು ಯಾರೂ ಹೇಳಿರಲಿಲ್ಲ. ಇದು ಎಪ್ಪತ್ತೇಳರ ಡಿಸೆಂಬರ್. ಶಹಾಬಾದಿನ ನಮ್ಮ ಚರ್ಚಿನ ಹಬ್ಬದ ಸಂಚಿಕೆಗೆ ಸಂಪಾದಕರಾದ ದೇವೀಂದ್ರಪ್ಪನವರು ಕೇಳಿದ್ದು ಒಂದು ಲೇಖನ. ಶೀರ್ಷಿಕೆಯನ್ನೂ ಅವರೇ ಕೊಟ್ಟಿದ್ದರು: 'ಬೇಫಿಕರಾಗಿ ಕ್ರಿಸ್ಮಸ್ ಅಲಂಕಾರ ಮಾಡುವ ಬಗೆ'.

"ಐದು ಹಂತ ಸಾಕ್ರಿ ಅಕ್ಕೋರೆ. ಓದಿದ ಹೆಣ್ಮಕ್ಕಳಿಗೆ ಖುಷಿ ಆಗಬೇಕು, ಟೆನ್ಶನ್ ಆಗಬಾರದು. ಮತ್ತ ಎರಡು ಪ್ರತಿ ಕೊಡ್ರಿ. ಹೋದ ಸಲ ನಿಮ್ಮ ಲೇಖನ ಪ್ರೆಸ್ಸಿನಾಗ ಕಳೀತು."

(ಕಳೆದದ್ದು ಅವರಿಂದ, ಎರಡು ಸಲ ಬರೆಯಬೇಕಾದವಳು ನಾನು. ಅದಕ್ಕೇ ಹಾಳೆಯ ಕೆಳಗೆ ಕಾರ್ಬನ್ ಇಟ್ಟು, ಬಾಲ್‌ಪೆನ್ನನ್ನು ಒತ್ತಿ ಒತ್ತಿ ಬರೆಯುತ್ತಿದ್ದೇನೆ.)

ಹಂತ ಒಂದು: ಮನೆಯ ಕೆಲಸವನ್ನೆಲ್ಲ ಮುಗಿಸಿ, ನೆಮ್ಮದಿಯಾಗಿ ಕುಳಿತುಕೊಳ್ಳಿ.

ಅಲ್ಲಿಗೇ ಪೆನ್ನು ನಿಂತಿತು. ಕೆಲಸವೆಲ್ಲ ಮುಗಿದ ಮನೆಯನ್ನು ನಾನು ಈವರೆಗೆ ನೋಡಿಲ್ಲ. (ನೋಡಿದವರು ದಯವಿಟ್ಟು ವಿಳಾಸ ಕಳಿಸಿ, ಟಿಕೆಟ್ ತೆಗೆಸಿ ಹೋಗಿ ಬರುತ್ತೇನೆ.) ಮೂರು ಮಕ್ಕಳು ಈಗಷ್ಟೇ ಮಲಗಿವೆ. ನಾಳೆಯ ಹಿಟ್ಟು ಇನ್ನೂ ಜರಡಿಯಲ್ಲಿದೆ. ಏಳನೇ ಇಯತ್ತೆಯ ನಲವತ್ತು ಉತ್ತರಪತ್ರಿಕೆಗಳು ನನ್ನ ಮೊಣಕೈಗೆ ಒರಗಿಕೊಂಡು ಕೂತಿವೆ. ಇಂಥವಳು ಬೇಫಿಕರಿಯ ಬಗ್ಗೆ ಐದು ಹಂತ ಬರೆದರೆ ನಗುವವರು ಬೇರೆ ಯಾರೂ ಬೇಕಿಲ್ಲ.

ಆದ್ದರಿಂದ ಒಂದು ಉಪಾಯ ಮಾಡಿದೆ. ನನ್ನ ಬದಲು ಬೇರೆ ಹೆಂಗಸಿನ ಕೈಲಿ ಅಲಂಕಾರ ಮಾಡಿಸುವುದು.

೨.

ಭಾಗಮ್ಮ, ವಾಡಿ ಜಂಕ್ಷನ್ನಿನ ರೈಲ್ವೆ ಕ್ವಾರ್ಟರ್ಸಿನವಳು. ಗಂಡ ಮಾಣಿಕಪ್ಪ ಲ್ಯಾಂಪ್‌ಮನ್. ಸಾಯಂಕಾಲವಾದರೆ ಸೀಮೆಎಣ್ಣೆಯ ಡಬ್ಬಿ ಹಿಡಿದು ಸಿಗ್ನಲ್ ಕಂಬ ಹತ್ತುತ್ತಾನೆ, ದೀಪಕ್ಕೆ ಎಣ್ಣೆ ತುಂಬಿ, ಕೆಂಪು ಗಾಜು ಹಸಿರು ಗಾಜು ಒರೆಸಿ ಇಳಿಯುತ್ತಾನೆ. ಜೊತೆಗೆ ಅವನ ತಾಯಿ ಹಣಮವ್ವ. ಮನೆಯ ಮುಂದೆ ಓಣಿ, ಹಿಂದೆ ಹಳಿ. ಹಬ್ಬ ಬಂತು. ಭಾಗಮ್ಮ ಗೋಡೆಗೆ ಸುಣ್ಣ ಹಚ್ಚಿದಳು, ಪರದೆ ಒಗೆದಳು, ಕರ್ಚಿಕಾಯಿ ಕರಿದಳು, ನಂತರ ನಗುನಗುತ್ತ...

"ನಿಲ್ಲಸ್ರಿ ಅಕ್ಕೋರೆ."

ನಿಲ್ಲಿಸಿದೆ. ಇನ್ನೂ ಆಕೆಗೆ ಮೂಗು ಕಿವಿ ಬರೆದಿರಲಿಲ್ಲ, ಆಗಲೇ ಬಾಯಿ ಬಂದಿತ್ತು.

"ನೀವು ಬರೆಯೋದು ಒಂದು ಸಾಲು, ಮಾಡೋದು ನಾನು. 'ಗೋಡೆಗೆ ಸುಣ್ಣ ಹಚ್ಚಿದಳು' ಅಂತ ಆರಾಮ ಬರದ್ರಿ. ಎಷ್ಟು ಗೋಡಿ ಅದಾವ ಅಂತ ನೋಡೀರೇನು?"

"ಹಬ್ಬ ಅಂದ ಮೇಲೆ..."

"ಹಬ್ಬ ಅಂದ ಮ್ಯಾಲೆ ಏನ್ರಿ? ಲಗ್ನಾಗಿ ಹನ್ನೊಂದು ವರ್ಷ ಆತು. ಹನ್ನೊಂದು ಹಬ್ಬಕ್ಕೂ ಚುಕ್ಕಿ ಬ್ಯಾರೇದೋರು ಕಟ್ಯಾರ, ನಾ ಒಲಿ ಮುಂದ ಕುಂತು ಹೊಗಿ ಕುಡದೀನಿ. ಈ ಸಲ ಚುಕ್ಕಿ ನಾ ಕಟ್ಟತೀನಿ. ಕುಂತು, ಚಾ ಕುಡಕೋತ, ನನ್ನ ಮನಸಿನಂಗ. ಇಪ್ಪತ್ನಾಕಕ್ಕ ಭಜನಿಯವರು ಓಣಿಗೆ ಬರೋದ್ರಾಗ ಅದು ಮನಿ ಹೊರಗ ತೂಗಬೇಕು. ಇಷ್ಟೇ ಬರೀರಿ ಸಾಕು."

ಸುಣ್ಣದ ಸಾಲನ್ನು ಹೊಡೆದು ಹಾಕಿದೆ, ಪರದೆಯದನ್ನೂ. ಕರ್ಚಿಕಾಯಿ ಮಾತ್ರ ಇರಲಿ ಎಂದಳು, ಹಣಮವ್ವ ಕರಿಯುತ್ತಾಳಂತೆ.

ಚುಕ್ಕಿಗೆ, ಅಂದರೆ ನಕ್ಷತ್ರಕ್ಕೆ, ಬಣ್ಣದ ಹಾಳೆ ಬೇಕೆಂದು ಅವಳನ್ನು ಅಮೀರ್ ಅಲಿಯ ಅಂಗಡಿಗೆ ಕಳಿಸಿದೆ. ಈ ವರ್ಷ ಮೊಹರಮ್ಮು ಮುಗಿದ ವಾರದಲ್ಲೇ ಕ್ರಿಸ್ಮಸ್ಸು ಬಂದಿದೆ.

"ಹಸರು ಖಲಾಸ್, ಹಳದಿ ಖಲಾಸ್, ಬಿಳಿ ಖಲಾಸ್. ಎಲ್ಲಾ ತಾಬೂತಿಗೆ ಹೋಯ್ತಕ್ಕಾ. ಕೆಂಪೊಂದು ಉಳದದ, ಎಷ್ಟು ಬೇಕಷ್ಟು ಒಯ್ರಿ," ಎಂದ ಅಮೀರ್ ಅಲಿ. ಮೊಹರಮ್ಮಿನ ಮೆರವಣಿಗೆಗೆ ತಾಬೂತಿನ ಗೋಪುರ ಕಟ್ಟಿ ಉಳಿದ ಬಿದಿರುಕಡ್ಡಿಗಳನ್ನೂ ತಾನೇ ತಂದು ಅವಳ ಕೈಗಿಟ್ಟ. "ಕಡ್ಡಿ ಜೋಡಿ ಜಗಳಾಡಬ್ಯಾಡ್ರಿ. ನೀರಾಗ ನೆನಸ್ರಿ, ಆಮ್ಯಾಲ ಅದೇ ನಿಮ್ಮ ಮಾತು ಕೇಳತದ."

ಮೂರು ಮಧ್ಯಾಹ್ನ ಭಾಗಮ್ಮ ಕುಳಿತಳು. ನಿಜಕ್ಕೂ ಕುಳಿತಳು, ಕಾಲು ಚಾಚಿ. ಐದು ಮೂಲೆಯ ಎರಡು ಚೌಕಟ್ಟು ಕಟ್ಟಿ, ಬೆನ್ನಿಗೆ ಬೆನ್ನು ಹಚ್ಚಿದಳು. ಒಂದು ಮೂಲೆ ಗೇಣುದ್ದ, ಇನ್ನೊಂದು ಬೊಗಸೆಯಷ್ಟು.

ಹಣಮವ್ವ ಕರ್ಚಿಕಾಯಿ ಕರಿಯುವ ಝಾರಿ ಹಿಡಿದೇ ಬಂದು ನೋಡಿದಳು. "ಐದು ಮೂಲಿ ಒಂದಕ್ಕೊಂದು ಮಾರಿ ನೋಡವಲ್ಲು. ಥೇಟ್ ನಮ್ಮ ಮನಿ ಮಂದಿ ಹಂಗ."

"ಹಂಗಾದ್ರ ನಿಮ್ಮ ಮಗಂದು ಯಾವ ಮೂಲಿ, ಅತ್ತೀ?"

"ಅದೇ ಬೇ, ಸೊಟ್ಟಂದು."

ಅತ್ತೆ ಸೊಸೆ ಇಬ್ಬರೂ ನಕ್ಕರು. ಚಾ ಎರಡನೇ ಸಲ ಕುದಿಯಿತು.

೩.

(ಓದುಗರೇ, ಇಲ್ಲಿ ನನಗೆ ಹೊಟ್ಟೆಕಿಚ್ಚಾಯಿತು. ಅದು ಒಂದು ಕಡೆಗಿರಲಿ. ಎಲ್ಲರೂ ಚಾ ಕುಡಿಯುತ್ತ ನಗುವ ಕಥೆಯನ್ನು ನೀವು ಎಷ್ಟು ಪುಟ ಓದುತ್ತೀರಿ? ಎಲ್ಲಿ ಕಷ್ಟ ತರಲಿ ಎಂದು ಸುತ್ತ ನೋಡಿದೆ. ದೂರ ಹೋಗಬೇಕಾಗಲಿಲ್ಲ. ಕೆಂಪು ಹಾಳೆ ಇತ್ತು, ಮನೆಯ ಹಿಂದೆ ಹಳಿ ಇತ್ತು.)

ಮೊದಲನೆಯ ಅಂತ್ಯ: ಇಪ್ಪತ್ನಾಲ್ಕರ ಸಂಜೆ. ಮಾಳಿಗೆಯ ಮೇಲೆ ಬಿದಿರಿನ ಗಳ. ಗಳದ ತುದಿಗೆ ನಕ್ಷತ್ರ, ಒಳಗೆ ಬಲ್ಬು. ಸಿಮೆಂಟ್ ತುಂಬಿದ ಗೂಡ್ಸ್ ಗಾಡಿ ಬರುತ್ತಿದೆ. ಡ್ರೈವರ್ ಕತ್ತಲಲ್ಲಿ ಕೆಂಪು ಬೆಳಕು ನೋಡುತ್ತಾನೆ. ಬ್ರೇಕು ಕಿರುಚುತ್ತದೆ! ಅದರ ಹಿಂದಿನ ಪ್ಯಾಸೆಂಜರ್ ನಿಲ್ಲುತ್ತದೆ, ಅದರ ಹಿಂದಿನ ಮೇಲ್ ನಿಲ್ಲುತ್ತದೆ. ಸಾಹೇಬರು ಬರುತ್ತಾರೆ. ಮಾಣಿಕಪ್ಪನ ಕೈಗೆ ಒಂದು ಕಾಗದ. ನಾಳೆಯಿಂದ ಅವನು ಲ್ಯಾಂಪ್‌ಮನ್ ಅಲ್ಲ...

ಎಂಥ ವೇಗ! ಪೆನ್ನಿಗೆ ರೆಕ್ಕೆ ಬಂದಂತಿತ್ತು. ಅಷ್ಟರಲ್ಲಿ ಅಂಟು ಮೆತ್ತಿದ ಕೈಯೊಂದು ಹಾಳೆಯ ಮೇಲೆ ಬಂದು ಕೂತಿತು.

"ಇದನ್ನ ತಗೀರಿ."

"ಕಥೆಗೆ ಒಂದು ಸಂಕಟ ಬೇಕು, ಭಾಗಮ್ಮ."

"ಬೇಕಾದ್ರ ನಿಮ್ಮ ಗಂಡನ ನೌಕರಿ ತಗೀರಿ. ನನ್ನ ಗಂಡಂದ್ಯಾಕ?"

ಆಗಲೇ ಮಾಣಿಕಪ್ಪ ಒಳಗೆ ಬಂದ. ಮೈಯೆಲ್ಲ ಸೀಮೆಎಣ್ಣೆಯ ವಾಸನೆ. ನಾನು ಬರೆದದ್ದನ್ನು ಬೆರಳಿಟ್ಟು ಓದಿದ.

"ಅಕ್ಕೋರೆ, ಇದರಾಗ ಒಂದು ತಪ್ಪದ. ಗೂಡ್ಸು ಟೈಮಿಗೆ ಬಂದಂಗ ಬರದೀರಿ."

ಭಾಗಮ್ಮ ನಕ್ಕಳು. ಅವನು ನಗಲಿಲ್ಲ.

"ಆದ್ರ ಕೆಂಪಿಂದು ಖರೇ ಅದ. ಹಳಿಗೆ ಕಾಣೂ ಹಂಗ ಕೆಂಪು ದೀಪ ಇಡಾಕ ಬರೂದಿಲ್ಲ, ಭಾಗಮ್ಮ. ಹದಿಮೂರು ವರ್ಷ ಆ ಕೆಂಪು ಗಾಜು ಒರಸೀನಿ. ಅದು 'ನಿಲ್ಲು' ಅಂದ್ರ ಗಾಡಿ ನಿಂದರತದ. ನಮ್ಮ ಮನಿ ಮ್ಯಾಲಿಂದ ಅದು ಸುಳ್ಳು ಹೇಳಬಾರದು."

ಅವನು ಜೋರು ಮಾಡಿದ್ದರೆ ಅವಳು ಜಗಳಾಡುತ್ತಿದ್ದಳು. ಮೆಲ್ಲಗೆ ಹೇಳಿದ. ಅವಳು ನಕ್ಷತ್ರವನ್ನು ಮಡಿಲಿಗೆ ಎಳೆದುಕೊಂಡಳು.

ನಾನು ತಂದ ಕಷ್ಟ. ಆದರೆ ಈಗ ಅದು ನಿಜದ್ದಾಗಿತ್ತು, ಹೊಡೆದು ಹಾಕಿದರೂ ಹೋಗುತ್ತಿರಲಿಲ್ಲ. ಭಜನೆಯವರು ಬಾರಿಸುವ ದಮಡಿ ಆಗಲೇ ಸ್ಟೇಶನ್ನಿನ ಕಡೆಯಿಂದ ಕೇಳಿಸುತ್ತಿತ್ತು. (ಇಪ್ಪತ್ನಾಲ್ಕರ ಸಂಜೆ ಎಂದು ಬರೆದವಳು ನಾನೇ. ಒಂದು ದಿನ ಹಿಂದಕ್ಕೆ ಹಾಕಿದ್ದರೆ ಗಂಟೇನು ಹೋಗುತ್ತಿತ್ತು!)

೪.

ಎರಡನೆಯ ಅಂತ್ಯ: ನಕ್ಷತ್ರವನ್ನು ಮನೆಯೊಳಗೇ ತೂಗು ಹಾಕಿದರು.

"ಒಳಗ ತೂಗಿದ್ರ ಅದು ಚುಕ್ಕಿ ಅಲ್ಲರಿ, ಜ್ವಾಳದ ಚೀಲ," ಎಂದಳು ಭಾಗಮ್ಮ.

ಮೂರನೆಯ ಅಂತ್ಯ: ಬಲ್ಬಿಲ್ಲದೆ ಹೊರಗೆ ತೂಗು ಹಾಕಿದರು.

"ಭಜನಿಯವರು ಕಂಕಣಗಪ್ಪಡಿ ಅಂತ ತಿಳಕೊಂಡು ಓಡಿ ಹೋಗತಾರ," ಎಂದಳು ಹಣಮವ್ವ, ಬಾವಲಿ ರೆಕ್ಕೆ ಬಡಿದಂತೆ ಸೆರಗು ಬೀಸಿ ತೋರಿಸುತ್ತ.

ನಾಲ್ಕನೆಯದು ಹೊಳೆಯಲಿಲ್ಲ. ಪೆನ್ನು ಕಚ್ಚುತ್ತ ಕೂತೆ. ಮಾಣಿಕಪ್ಪ ನಕ್ಷತ್ರವನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ, ಸಿಗ್ನಲ್ ದೀಪ ನೋಡುವ ಹಾಗೆ ನೋಡಿದ.

"ಸಿಗ್ನಲ್ಲಿನಾಗ ದೀಪ ಒಂದೇ ಇರತದ. ಮುಂದ ಗಾಜು ಬದ್ಲಾಗತದ, ಅಷ್ಟೇ. ಇದಕ್ಕೂ ಎರಡು ಮಕ ಅದಾವ ನೋಡು. ಓಣಿ ಕಡಿ ಕೆಂಪಿರಲಿ. ಹಳಿ ಕಡೀದು ಹರದು ಬಿಳಿ ಹಚ್ಚು."

"ಬಿಳಿ ಹಾಳಿ ಎಲ್ಲದ? ಅಮೀರ್ ಅಲಿ ಕಡಿ ಖಲಾಸ್."

ಮೂವರೂ ನನ್ನ ಮೇಜಿನತ್ತ ನೋಡಿದರು.

"ಇವು ಮಕ್ಕಳ ಉತ್ತರಪತ್ರಿಕೆ!" ಎಂದು ಎರಡೂ ಕೈಯಿಂದ ಮುಚ್ಚಿಕೊಂಡೆ.

"ಅವಲ್ಲರಿ. ನೀವು ಬರದು ಬರದು ಹೊಡೆದು ಹಾಕೀರಲ್ಲ, ಅವು."

"ಅದು ಕಥೆ, ಭಾಗಮ್ಮ!"

"ಕತಿ ಹೌದು. ಅದರ ಕೆಳಗ ನೀಲಿ ಅಕ್ಷರದ್ದು ಇನ್ನೊಂದು ಅದ ಅಲ್ಲ? ಅದನ್ನ ಕೊಡ್ರಿ ನಿಮ್ಮ ದೇವೀಂದ್ರಪ್ಪನವರಿಗೆ."

(ಹೌದು. ನೀವು ಓದುತ್ತಿರುವುದು ಆ ಕಾರ್ಬನ್ ಪ್ರತಿ.)

ಐದು ಮೂಲೆ, ಮೂಲೆಗೊಂದು ಹಾಳೆ. ಹಂತ ಒಂದು ಬರೆದ ಹಾಳೆಯನ್ನು ಎಡಗಡೆಯ ಮೂಲೆಗೆ ಹಚ್ಚಿದೆವು. ಸುಣ್ಣದ ಹಾಳೆ ಬಲಕ್ಕೆ ಹೋಯಿತು. ಗಾಡಿ ನಿಂತ ಹಾಳೆಯನ್ನು ಮಾಣಿಕಪ್ಪನೇ ಆರಿಸಿ ತುದಿಗೆ ಹಚ್ಚಿದ. ಹಚ್ಚುವಾಗ ಸಾಹೇಬರು ಬರುವ ಸಾಲು ಅಂಟಿಗೆ ನೆನೆದು ಹರಿಯಿತು.

"ಸಾಹೇಬ್ರು ಹೋದ್ರು," ಎಂದ.

"ಅಕ್ಷರ ಹೊರಗಿರಲೋ ಒಳಗೋ?" ಎಂದು ಕೇಳಿದೆ.

"ಒಳಗ ಇರಲಿ ಬಿಡ್ರಿ," ಎಂದಳು ಭಾಗಮ್ಮ. "ಡ್ರೈವರ್ ಓದಕೋತ ಕುಂತ್ರ ಗಾಡಿ ಮತ್ತ ನಿಂದರತದ."

ಹಾಳೆಗಳು ನೆಟ್ಟಗೆ ಕೂರಲಿಲ್ಲ. ಒಂದು ಕಡೆ ಸುಕ್ಕು, ಇನ್ನೊಂದು ಕಡೆ ನನ್ನ ಬೆರಳಿನ ಗುರುತು. ಹಣಮವ್ವ ನನ್ನ ಕೈಗೂ ಒಂದು ಕಪ್ ಚಾ ಕೊಟ್ಟಳು. ಕುಡಿಯುವಾಗ ನೋಡಿಕೊಂಡರೆ ನಾನೂ ಕಾಲು ಚಾಚಿ ಕೂತಿದ್ದೆ.

(ಸಂಪಾದಕರಿಗೊಂದು ಸೂಚನೆ: ಹಂತ ಒಂದರಲ್ಲಿ 'ಮನೆಯ ಕೆಲಸವನ್ನೆಲ್ಲ ಮುಗಿಸಿ' ಎಂಬುದನ್ನು ಹೊಡೆದು ಹಾಕಿರಿ. ನೆಮ್ಮದಿಯಾಗಿ ಎಂಬುದನ್ನೂ. ಉಳಿದದ್ದನ್ನು ಅಚ್ಚು ಹಾಕಿರಿ. ಇನ್ನು ನಾಲ್ಕು ಹಂತ ನನ್ನಲ್ಲಿಲ್ಲ.)

ದಮಡಿಯ ಸದ್ದು ಓಣಿಯ ತಿರುವಿಗೆ ಬಂದಿದೆ. ಹಿಂದೆ ಹಳಿಯೂ ಸಣ್ಣಗೆ ಗುಂಯ್‌ಗುಡುತ್ತಿದೆ. ಗೂಡ್ಸು ತಡವಾಗಿಯೇ ಬರುತ್ತಿದೆ. ಮಾಣಿಕಪ್ಪ ಗಳ ಹಿಡಿದು ಮಾಳಿಗೆಯ ಮೇಲಿದ್ದಾನೆ. ಈಗ ಬರೆಯುತ್ತಿರುವ ಈ ನಾಲ್ಕನೆಯ ಹಾಳೆಯನ್ನು ಮುಗಿದಷ್ಟೂ ಮಡಚಿ ಭಾಗಮ್ಮ ಅಂಟಿಸುತ್ತಿದ್ದಾಳೆ. ಒಂದು ಮೂಲೆ ಇನ್ನೂ ತೆರೆದಿದೆ.

"ಕಡೀ ಹಾಳಿ ಕೊಡ್ರಿ ಅಕ್ಕೋರೆ."

"ಅದರಲ್ಲಿ ಇನ್ನೂ ಏನೂ ಬರೆದಿಲ್ಲ. ಅಂತ್ಯ ಅದರಲ್ಲೇ ಬರಬೇಕು."

"ಖಾಲಿ ಇದ್ರ ಇನ್ನೂ ಚೊಲೋ. ಬೆಳಕು ಭಾಳ ಬರತದ."

"ಇಲ್ಲ, ಬರೆಯುತ್ತೇನೆ. ಎರಡು ನಿಮಿಷ."

"ಹಂಗಾದ್ರ ಲಗೂ ಬರೀರಿ. ಅಂಟು ಒಣಗಲಿಕತ್ತದ."

ಬರೆಯುತ್ತೇನೆ. ಗೂಡ್ಸಿನ ಡ್ರೈವರ್ ಏನು ಮಾಡಿದ, ಭಜನೆಯವರು ಯಾವ ಮನೆಯ ಮುಂದೆ ನಿಂತರು, ಸೊಟ್ಟ ಮೂಲೆಯ ನಕ್ಷತ್ರದ ಕೆಳಗೆ ಭಾಗಮ್ಮನ ಮುಖ ಹೇಗಿತ್ತು, ಎಲ್ಲವನ್ನೂ ಬರೆಯುತ್ತೇನೆ. ಹೊಡೆದು ಹಾಕದೆ, ಒಂದೇ ಉಸಿರಿಗೆ.

ಐದನೆಯ ಹಾಳೆಗೆ ಮಾತ್ರ ಕಾರ್ಬನ್ ಇಡುವುದಿಲ್ಲ.