ಕೌದಿ ಹೊದ್ದ ಬೈಕು

ದಾವಣಗೆರೆಯ ಮಂಡಿಪೇಟೆಯ ಓಣಿಯೊಂದರಲ್ಲಿ ಬಿಲ್ಕೀಸಳ ಸ್ಟಿಕರ್ ಅಂಗಡಿ. ಆಟೋಗಳ ಹಿಂಬದಿಗೆ ಮಕ್ಕಳ ಹೆಸರು, ಅಂಗಡಿ ಗಾಜುಗಳಿಗೆ ಫೋನ್ ನಂಬರು ಕತ್ತರಿಸಿ ಅಂಟಿಸುತ್ತಿದ್ದವಳಿಗೆ ಮಣ್ಣಿನ ಹಾದಿಯ ರೇಸಿನ ಬೈಕುಗಳ ಕೆಲಸ ತಂದವನು ಪರಶುರಾಮ. ಹರಿಹರದಲ್ಲಿ ಮೆಕ್ಯಾನಿಕ್ ಆಗಿದ್ದ ಅವನು ಹಳೆಯ ಬೈಕೊಂದನ್ನು ತಾನೇ ಬಿಚ್ಚಿ ಕಟ್ಟಿ ರೇಸಿಗೆ ಇಳಿಸಿದ್ದ.

"ಅಕ್ಕಾ, ಬೆಂಕಿ, ಹುಲಿ, ತಲೆಬುರುಡೆ ಎಲ್ಲಾರ ಗಾಡಿ ಮ್ಯಾಲೂ ಅದಾವೆ. ನಂಗೆ ನಮ್ಮವ್ವನ ಕೌದಿ ಹಾಕ್ಕೊಡ್ರಿ" ಅಂದ.

ಬಿಲ್ಕೀಸ್ ನಕ್ಕಳು. ಆದರೂ ಮುಂದಿನ ಭಾನುವಾರ ಅವನ ಊರು ಕೊಂಡಜ್ಜಿಗೆ ಹೋದಳು. ಅವನ ತಾಯಿ ಕೆಂಚಕ್ಕ ಹಳೆ ಬಟ್ಟೆಯ ತುಂಡು ಜೋಡಿಸಿ ಹೊಲಿದ ಕೌದಿಯನ್ನು ಜಗಲಿಯ ಮೇಲೆ ಹಾಸಿ ತೋರಿಸಿದಳು. ನಡುವೆ ಕೆಂಪು ಚೌಕ, ಸುತ್ತ ಹಳದಿ ತ್ರಿಕೋನಗಳು, ಎಲ್ಲದರ ಮೇಲೂ ಇರುವೆ ಸಾಲಿನಂಥ ಬಿಳಿ ಹೊಲಿಗೆ.

"ಇವ ಹುಟ್ಟಿದಾಗ ಹೊಲ್ದಿದ್ದವ್ವಾ. ಇಂಥದ್ದು ಇನ್ನೊಂದಿಲ್ಲ. ಬ್ಯಾರೆಯವ್ರಿಗೆ ಹಾಕಬ್ಯಾಡ ಮತ್ತೆ."

"ಇಲ್ಲ ಕೆಂಚಕ್ಕಾ. ನಿಮ್ಮ ಮಗನಿಗೆ ಒಬ್ಬನಿಗೇ" ಅಂದಳು ಬಿಲ್ಕೀಸ್.

ಹದಿನೈದು ದಿನ ಕಂಪ್ಯೂಟರಿನ ಮುಂದೆ ಕೂತಳು. ಹೊಲಿಗೆ ಹೊಲಿಗೆಯ ಹಾಗೇ ಕಾಣುವವರೆಗೆ ಬಿಡಲಿಲ್ಲ. ಕಲ್ಲು, ಕೆಸರು ತಡೆಯುವ ದಪ್ಪ ವಿನೈಲ್ ಹಾಳೆಯಲ್ಲಿ ಮುದ್ರಿಸಿ, ಬಿಸಿಗಾಳಿ ಹಾಯಿಸಿ, ಟ್ಯಾಂಕಿನ ತಿರುವುಗಳಿಗೆ ಸುಕ್ಕು ಬೀಳದಂತೆ ಎಳೆದು ಕೂರಿಸಿದಳು. ಪರಶುರಾಮ ಬೈಕಿನ ಸುತ್ತ ಎರಡು ಸಲ ಸುತ್ತಿದ.

"ನಮ್ಮವ್ವ ಬೆನ್ನು ತಟ್ದಂಗೈತೆ ಅಕ್ಕಾ."

ಆ ಬೈಕಿನ ಫೋಟೋ ಫೋನಿಂದ ಫೋನಿಗೆ ಹರಿದಾಡಿತು. ದಾವಣಗೆರೆಯ ಸವಾರರ ಗುಂಪೊಂದು ಅಂಗಡಿಗೇ ಬಂತು. ಹನ್ನೆರಡು ಬೈಕು, ಎಲ್ಲಕ್ಕೂ ಅದೇ ಬೇಕು. ಮೊದಲ ದಿನ ಬಿಲ್ಕೀಸ್ ಆಗುವುದಿಲ್ಲ ಅಂದಳು. ಆದರೆ ತನ್ನ ಕೆಲಸ ಮೆಚ್ಚಿ ಜನ ಅಂಗಡಿ ಹುಡುಕಿಕೊಂಡು ಬಂದದ್ದು ಅದೇ ಮೊದಲು. ಆ ಸುಖಕ್ಕೆ ಸೋತಳು. ಎರಡನೆಯ ದಿನ, ಕೆಂಪಿನ ಜಾಗಕ್ಕೆ ಕೇಸರಿ ಹಾಕಿಕೊಡಲು ಒಪ್ಪಿ, ಇದು ಬೇರೆಯದೇ ಡಿಸೈನು ಎಂದು ತನಗೆ ತಾನೇ ಹೇಳಿಕೊಂಡಳು. ಪರಶುರಾಮನಿಗೆ ತಿಳಿಸಲೆಂದು ಫೋನ್ ಎತ್ತಿದಳು. ನಾಳೆ ಹೇಳಿದರಾಯಿತು ಎಂದು ಇಟ್ಟಳು. ಆ ನಾಳೆ ಬರಲೇ ಇಲ್ಲ.

ಹರಿಹರದಾಚೆಯ ಬಯಲಿನಲ್ಲಿ ರೇಸು. ಮಗನ ರೇಸು ನೋಡಲು ಕೆಂಚಕ್ಕ ಮೊದಲ ಸಲ ಬಂದಿದ್ದಳು. ಬಿಲ್ಕೀಸಳನ್ನು ಕಂಡು ಕೈ ಹಿಡಿದುಕೊಂಡಳು.

"ಎಲ್ಲಾರೂ ಮುಖ ಮುಚ್ಕೊಂಡಿರ್ತಾರೆ, ನಿನ್ನ ಹೆಂಗೆ ಗುರುತು ಹಿಡೀಲೋ ಅಂತ ಮಗನ್ನ ಕೇಳ್ದೆ. ಕೌದಿ ನೋಡವ್ವಾ ಅಂದ."

ದಾವಣಗೆರೆಯ ಗುಂಪು ನಿಂತಿದ್ದ ಕಡೆಗೆ ಬಿಲ್ಕೀಸ್ ತಿರುಗಿ ನೋಡಿದಳು.

ಬೈಕುಗಳು ಹೊರಟವು. ಮೊದಲ ಸುತ್ತಿಗೇ ಕೆಸರು ಎರಚಿ ಕೆಂಪು ಯಾವುದು, ಕೇಸರಿ ಯಾವುದು ತಿಳಿಯದಾಯಿತು. "ಅಗಾ, ನಮ್ಮ ಹುಡುಗ!" ಎಂದು ಕೆಂಚಕ್ಕ ಚಪ್ಪಾಳೆ ತಟ್ಟಿದಳು. ಹಿಂದೆಯೇ ಇನ್ನೊಂದು ಕೌದಿ ಬಂತು. ಮತ್ತೊಂದು. ಚಪ್ಪಾಳೆ ಅರ್ಧಕ್ಕೇ ನಿಂತಿತು.

"ನಮ್ಮವ ಯಾವನವ್ವಾ?"

ಬಿಲ್ಕೀಸ್ ಹುಡುಕಿದಳು. ಅವಳಿಗೂ ಗೊತ್ತಾಗಲಿಲ್ಲ. ಅಷ್ಟರಲ್ಲಿ ದೂರದ ತಿರುವಿನಲ್ಲಿ ಒಂದು ಕೌದಿ ಉರುಳಿತು. ಕೆಂಚಕ್ಕ ಅಡ್ಡ ಕಟ್ಟಿದ್ದ ಹಗ್ಗ ದಾಟಿ ಓಡಿದಳು. ಬಿದ್ದವನು ಹೆಲ್ಮೆಟ್ ತೆಗೆದ. ಯಾರೋ ಬೇರೆ ಹುಡುಗ. ಕೆಂಚಕ್ಕ ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟಳು.

ರೇಸು ಮುಗಿದ ಮೇಲೆ ಪರಶುರಾಮ ಬಂದ. ಬೈಯಲಿಲ್ಲ.

"ಒಂದು ಮಾತು ಹೇಳ್ಬೌದಿತ್ತಲ್ರಿ ಅಕ್ಕಾ."

"ಬಣ್ಣ ಬ್ಯಾರೆ ಹಾಕಿದ್ದೆ..." ಎಂದು ಶುರು ಮಾಡಿದ ಬಿಲ್ಕೀಸ್ ತನ್ನ ಮಾತಿಗೆ ತಾನೇ ನಾಚಿದಳು. ಅವನು ಉಗುರು ಹಾಕಿ ಟ್ಯಾಂಕಿನ ಸ್ಟಿಕರನ್ನು ಕೀಳತೊಡಗಿದ.

ಆ ಹನ್ನೆರಡು ಮಂದಿಯನ್ನೂ ಅವಳು ತೆಗೆದುಬಿಡಿ ಎಂದು ಬೇಡಿಕೊಂಡಳು. ಇಬ್ಬರು ಒಪ್ಪಿದರು, ಉಳಿದವರು ನಕ್ಕರು. ಬೇರೆ ಅಂಗಡಿಗಳಲ್ಲೂ ಯಾರೋ ಅದನ್ನು ನಕಲು ಮಾಡಿ ಕತ್ತರಿಸುತ್ತಿದ್ದರು. ಊರಂಚಿನ ಆವರಗೆರೆಯಲ್ಲಿ ಒಂದು ಸ್ಕೂಟರಿನ ಮೇಲೂ ಕಂಡಳು.

ತಿಂಗಳಾದ ಮೇಲೆ ಕೊಂಡಜ್ಜಿಗೆ ಹೋದಳು. ಪರಶುರಾಮನ ಬೈಕು ಬರೀ ಬಿಳಿಯಾಗಿ ನಿಂತಿತ್ತು. ಹೊಸದು ಮಾಡಿಕೊಡುತ್ತೇನೆ ಅಂದಳು. "ಬ್ಯಾಡ್ರಿ ಅಕ್ಕಾ, ಹಿಂಗೇ ಇರ್ಲಿ" ಅಂದ.

ಜಗಲಿಯಲ್ಲಿ ಕೆಂಚಕ್ಕ ಹೊಸ ಕೌದಿಯೊಂದನ್ನು ಹೊಲಿಯುತ್ತಿದ್ದಳು.

"ತಪ್ಪಾತು ಕೆಂಚಕ್ಕಾ."

"ಆತು ಬಿಡವ್ವಾ. ಕೂಡು, ಚಾ ತರ್ತೀನಿ."

ಏಳುವಾಗ ಕೆಂಚಕ್ಕ, ಅರ್ಧ ಹೊಲಿದಿದ್ದನ್ನು ಚಿತ್ತಾರ ಒಳಗಾಗುವಂತೆ ಮಡಚಿ ಕಂಕುಳಲ್ಲಿಟ್ಟುಕೊಂಡು ಒಳಗೆ ಒಯ್ದಳು.