ಜೇಬಿಗೊಂದು ಚಾಕು

ಮೂರನೆಯದು ಟಕ್ ಎಂದು ಮಡಚಿಕೊಂಡಿತು. ಆ ಸದ್ದು ಅವನಿಗೆ ಎಷ್ಟು ಹಿಡಿಸಿತೆಂದರೆ, ಬಿಚ್ಚಿ ಮತ್ತೊಮ್ಮೆ ಮಡಚಿದ. ಟಕ್. ಇನ್ನೊಂದು ಸಲ. ಗಾಜಿನ ಕಪಾಟಿನ ಆಚೆ ನಿಂತಿದ್ದ ಅಂಗಡಿಯಾಕೆ ಆಕಳಿಕೆಯನ್ನು ಅರ್ಧಕ್ಕೇ ನುಂಗಿಕೊಂಡು ಅವನ ಮುಖ ನೋಡಿದಳು.

"ಏನು ಹೆಚ್ಚೋಕೆ ಬೇಕು ನಿಮಗೆ?"

"ಹೆಚ್ಚೋಕಲ್ಲ. ಜೇಬಲ್ಲಿಟ್ಕೊಳ್ಳೋಕೆ."

"ಇಟ್ಕೊಂಡು?"

"ಇಟ್ಕೊಳ್ಳೋಕೇ."

ಸರಿ ಬಿಡಿ ಎಂಬಂತೆ ಆಕೆ ಕತ್ತು ಆಡಿಸಿದಳು. ಬಾಗಿಲು ತೆರೆದ ಕೂಡಲೇ ಎಂತೆಂಥವರೋ ಬಂದು ವಕ್ಕರಿಸುತ್ತಾರೆ.

ಮೊದಲನೆಯದರ ಅಲಗಿಗೆ ಗರಗಸದ ಹಲ್ಲು, ಹಿಡಿಗೆ ಕರಿ ರಬ್ಬರು. ಯುದ್ಧಕ್ಕೆ ಹೊರಟು ನಿಂತಂತಿತ್ತು. ಅದನ್ನು ಹಿಡಿದ ಕೈ ತನ್ನದಲ್ಲ ಅನ್ನಿಸಿ ಕೆಳಗಿಟ್ಟಿದ್ದ. ಎರಡನೆಯದರ ಹೊಟ್ಟೆಯಲ್ಲಿ ಕತ್ತರಿ, ತಿರುಪುಳಿ, ಬಿರಡೆ ಕೀಳುವ ಸುರುಳಿ, ಹಲ್ಲುಕಡ್ಡಿ, ಸಾಲದ್ದಕ್ಕೆ ಒಂದು ಭೂತಗನ್ನಡಿ. ಒಂದನ್ನು ಎಳೆದರೆ ಇನ್ನೊಂದು ಬರುತ್ತಿತ್ತು. ಇಡೀ ಸಂಸಾರವನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವ ಆಸೆ ಅವನಿಗಿರಲಿಲ್ಲ. ಮನೆಯಲ್ಲೊಂದಿದೆ, ಸಾಕು.

ಮೇಲಿನ ಸಾಲಿನಲ್ಲಿ ಮಕಮಲ್ಲಿನ ಮೇಲೆ ಮಲಗಿದ್ದ ದುಬಾರಿ ಚಾಕುಗಳತ್ತ ಅವನು ಕಣ್ಣೆತ್ತಿಯೂ ನೋಡಲಿಲ್ಲ. ತನ್ನ ಹಣೆಬರಹ ಅವನಿಗೆ ಗೊತ್ತಿತ್ತು. ಅಂಥದ್ದನ್ನು ಕೊಂಡರೆ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟು, ಎಲ್ಲಿ ಕಳೆದುಹೋಗುತ್ತೋ ಎಂದು ಜೀವ ಕೈಯಲ್ಲಿ ಹಿಡಿದುಕೊಂಡು ಬದುಕುತ್ತಾನೆ. ಬೇಕಿದ್ದದ್ದು ಅಗ್ಗದ್ದು. ಬಿದ್ದರೆ ಒರೆಸಿ ಎತ್ತಿಕೊಳ್ಳುವಂಥದ್ದು. ಯಾರಾದರೂ ಕೇಳಿದರೆ ಹಿಂದೆ ಮುಂದೆ ನೋಡದೆ "ತಗೊಳ್ಳಿ" ಎಂದು ಚಾಚುವಂಥದ್ದು.

ಯಾರಾದರೂ ಕೇಳಿದರೆ! ವಿಷಯವೆಲ್ಲ ಇದ್ದದ್ದೇ ಅಲ್ಲಿ.

ಹೋದ ವಾರ ಆಫೀಸಿಗೆ ದೊಡ್ಡದೊಂದು ರಟ್ಟಿನ ಪೆಟ್ಟಿಗೆ ಬಂದಿತ್ತು. ಎಲ್ಲರೂ ಸುತ್ತ ನಿಂತಿದ್ದರು. "ಯಾರ ಹತ್ರಾದ್ರೂ ಚಾಕು ಇದೆಯಾ?" ಎಂದು ಪಕ್ಕದ ಮೇಜಿನಾಕೆ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದಳು. ಪ್ರತಿ ಮುಖದ ಮೇಲೂ ಅವಳ ಕಣ್ಣು ಒಂದು ಕ್ಷಣ ನಿಲ್ಲುತ್ತಿತ್ತು. ಅವನ ಮುಖ ಬಂದಾಗ ನಿಲ್ಲಲಿಲ್ಲ. ಅವನ ಹಿಂದಿದ್ದ ಕಿಟಕಿಗೆ ಹೋಯಿತು. ಅವನ ಹತ್ತಿರ ಚಾಕು ಇರಲಿಲ್ಲ, ನಿಜ. ಆದರೆ ಉಳಿದವರ ಹತ್ತಿರವೂ ಇರಲಿಲ್ಲವಲ್ಲ! ಅವರ ಹತ್ತಿರ ಇದ್ದರೂ ಇರಬಹುದು ಅಂತ ಅವಳಿಗೆ ಅನ್ನಿಸಿತ್ತು, ಇವನ ಹತ್ತಿರ ಇರಬಹುದು ಅಂತ ಅನ್ನಿಸಿರಲಿಲ್ಲ. ಅವತ್ತಿನಿಂದ ಅವನಿಗೆ ನಿದ್ದೆ ಸರಿಯಾಗಿ ಹತ್ತಿರಲಿಲ್ಲ. ಒಬ್ಬರು, ಒಬ್ಬರೇ ಒಬ್ಬರು, ತನ್ನ ಕಡೆ ತಿರುಗಿ "ಚಾಕು ಇದೆಯಾ?" ಅನ್ನಬೇಕು. "ಇದೆ" ಅನ್ನಬೇಕು ತಾನು. ಬೇರೇನೂ ಬೇಡ.

"ಇದನ್ನೇ ಕೊಡಿ," ಎಂದ.

ಕಂದು ಮರದ ಹಿಡಿ. ಒಂದೇ ಅಲಗು. ಅಲಗಿನ ಬೆನ್ನ ಹತ್ತಿರ, ಹೆಬ್ಬೆರಳಿನ ಉಗುರು ಸಿಕ್ಕಿಸಿ ಎಳೆಯಲು ಒಂದು ಸಣ್ಣ ಗೀರು. ಅಂಗಡಿಯಾಕೆ ಕೊಯ್ದು ನೋಡಲೆಂದು ಒಂದು ರಟ್ಟಿನ ತುಂಡು ಕೊಟ್ಟಳು. ಅಲಗು ಸರ್ರನೆ ಇಳಿಯಿತು. ಅವನಿಗೆ ಕುಣಿದಾಡುವಂತಾಯಿತು. ಇನ್ನೊಂದು ರಟ್ಟು ಕೇಳಿದ. ಆಕೆ ನಕ್ಕುಬಿಟ್ಟಳು.

"ಅಂಗಡೀಲಿರೋ ರಟ್ಟೆಲ್ಲ ನೀವೇ ಕೊಯ್ದುಬಿಟ್ರೆ ಬೇರೆಯವರಿಗೆ ಏನು ಕೊಡ್ಲಿ? ಹೋಗಿ, ಜೇಬಲ್ಲಿಟ್ಕೊಳ್ಳಿ."

ಬೀದಿಗಿಳಿದಾಗ ಪ್ಯಾಂಟಿನ ಬಲಜೇಬಿನಲ್ಲಿ ಹಿತವಾದ ಒಂದು ಭಾರವಿತ್ತು. ಹೆಜ್ಜೆಹೆಜ್ಜೆಗೂ ಅದು ತೊಡೆಗೆ ತಾಗಿ, ಇದ್ದೇನೆ, ಇದ್ದೇನೆ ಎನ್ನುತ್ತಿತ್ತು. ಈ ಊರಿನಲ್ಲಿ ಇಷ್ಟೊಂದು ಗಂಟುಗಳಿವೆಯೆಂದು ಅವನಿಗೆ ಗೊತ್ತೇ ಇರಲಿಲ್ಲ. ಪತ್ರಿಕೆಯ ಕಟ್ಟುಗಳಿಗೆ ಹುರಿ, ಕಂಬಕ್ಕೆ ಬಿಗಿದ ಫಲಕಗಳಿಗೆ ಹಗ್ಗ, ಹೂವಿನ ಅಂಗಡಿಯ ಬುಟ್ಟಿಗಳಿಗೆ ದಾರ, ತಳ್ಳುಗಾಡಿಯ ಟಾರ್ಪಾಲಿಗೆ ಒಂದರ ಮೇಲೊಂದು ಗಂಟು. ಲೋಕವನ್ನು ಯಾರೋ ಕಟ್ಟಿ ಹೋಗಿದ್ದಾರೆ; ಬಿಚ್ಚುವವನು ಇಗೋ ಬಂದ! ಸ್ವರ್ಗಕ್ಕೆ ಮೂರೇ ಗೇಣು ಉಳಿದಿತ್ತು ಎಂದರೆ ಸುಳ್ಳಲ್ಲ. ಎದುರಿಗೆ ಬಂದವರಿಗೆಲ್ಲ ಅವನು ಸುಮ್ಮಸುಮ್ಮನೆ ನಕ್ಕ. ಒಬ್ಬ ಮುದುಕಿ ವಾಪಸ್ಸು ನಕ್ಕಳು.

ಆಫೀಸಿನ ಬಾಗಿಲಲ್ಲಿ ಆಳೆತ್ತರದ ಲೋಹದ ಚೌಕಟ್ಟು. ದಾಟುವ ಮುಂಚೆ ಕೀಲಿ, ಮೊಬೈಲು ತಟ್ಟೆಗೆ ಹಾಕಬೇಕು. ಹಾಕಿ ದಾಟಿದ. ಚೌಕಟ್ಟು ಕುಂಯ್ ಎಂದಿತು.

"ಸಾರ್, ಜೇಬು," ಎಂದ ಗೇಟಣ್ಣ. ಬಾಗಿಲು ಕಾಯುವ ಅವನನ್ನು ಇಡೀ ಆಫೀಸು ಕರೆಯುತ್ತಿದ್ದದ್ದು ಹಾಗೆಯೇ. ಅವನಿಗೆ ಬೇರೆ ಹೆಸರಿದೆಯೆಂಬುದು ಅವನಿಗೇ ಮರೆತಿರಬೇಕು.

ಚಾಕು ಹೊರಬಂತು. ಗೇಟಣ್ಣ ತಲೆಯ ಮೇಲಿನ ಫಲಕದ ಕಡೆ ಬೆರಳು ತೋರಿಸಿದ, ಅಷ್ಟೆ. ಮೊನೆಯುಳ್ಳ, ಅಲಗುಳ್ಳ ಯಾವುದೇ ವಸ್ತುವನ್ನು ಒಳಗೆ ಒಯ್ಯುವಂತಿಲ್ಲ.

ಅವನು ಆ ಫಲಕವನ್ನು ಬಾಯಿ ಬಿಟ್ಟುಕೊಂಡು ನೋಡಿದ. ಅದನ್ನು ಬರೆದವನು ತಾನೇ. ಆಫೀಸಿನ ಸೂಚನೆಗಳನ್ನೆಲ್ಲ ಬರೆಯುವುದೇ ಅವನ ಕೆಲಸ. ಬೆನ್ನ ಹಿಂದೆ ಎಲ್ಲರೂ ಅವನನ್ನು 'ಸೂಚನೆ' ಎನ್ನುತ್ತಾರೆಂಬುದೂ ಅವನಿಗೆ ಗೊತ್ತಿತ್ತು. 'ಹರಿತವಾದ' ಎಂದಿದ್ದದ್ದನ್ನು ಹೊಡೆದುಹಾಕಿ 'ಮೊನೆಯುಳ್ಳ, ಅಲಗುಳ್ಳ' ಎಂದು ಮಾಡಿ, ಆ ಮಧ್ಯಾಹ್ನವೆಲ್ಲ ಒಳಗೊಳಗೇ ಬೀಗಿದ್ದ. ಬರೆದದ್ದನ್ನು ಓದುವ ಕೆಲಸ ತನ್ನದೂ ಇದೆಯೆಂದು ಯಾವತ್ತೂ ಹೊಳೆದಿರಲಿಲ್ಲ.

"ಮರೆತೇಬಿಟ್ಟಿದ್ದೆ," ಎಂದ.

"ಅದಕ್ಕೇನಂತೆ ಸಾರ್. ಸಂಜೆ ತಗೊಂಡು ಹೋಗಿ." ಗೇಟಣ್ಣ ಚಾಕುವನ್ನು ಡ್ರಾಯರಿನಲ್ಲಿಟ್ಟು, ಅದರ ಬದಲಿಗೆ ಗುರುತಿಗೆಂದು ಒಂದು ದುಂಡನೆಯ ಹಿತ್ತಾಳೆ ಬಿಲ್ಲೆ ಕೊಟ್ಟ. ಬಿಲ್ಲೆ ಬಲಜೇಬಿಗೆ ಹೋಯಿತು. ಭಾರ ಹೆಚ್ಚುಕಡಿಮೆ ಅಷ್ಟೇ ಇತ್ತು.

ಮೆಟ್ಟಿಲು ಹತ್ತುವಾಗ ಕೊಂಚ ಪೆಚ್ಚಾಗಿದ್ದ. ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಮತ್ತೆ ಉಲ್ಲಾಸ ಬಂತು. ಚಾಕು ತನ್ನದೇ. ಕೆಳಗಿದೆ. ಯಾರಾದರೂ ಕೇಳಿದರೆ "ಇದೆ, ಕೆಳಗಿದೆ" ಎನ್ನಬಹುದು. "ಇದೆ" ಅನ್ನುವುದೇ ತಾನೆ ಮುಖ್ಯ?

ಪಕ್ಕದ ಮೇಜಿನಾಕೆಗೆ ಒಂದು ಪಾರ್ಸೆಲ್ ಬಂತು. ಅವಳು ಅದನ್ನು ತಿರುವಿ ಮುರುವಿ ನೋಡಿ, ಉಗುರಿನಿಂದ ಕೆರೆದಳು. ಅವನು ಗಂಟಲು ಸರಿಮಾಡಿಕೊಂಡ. ಅವಳು ತಲೆಯೆತ್ತಿದಳು, ಅವನ ತಲೆಯ ಮೇಲಿಂದ ಆಚೆ ನೋಡುತ್ತ ಕೂಗಿದಳು.

"ಗೇಟಣ್ಣನ ಹತ್ರ ಒಳ್ಳೇ ಚಾಕು ಬಂದಿದೆಯಂತೆ. ಯಾರಾದ್ರೂ ಕರೀರಿ!"

ಗೇಟಣ್ಣ ಮೇಲೆ ಬಂದ. ಬಾಗಿಲು ಕಾಯುವವನಿಗೆ ಬಾಗಿಲ ನಿಯಮ ಯಾವ ಲೆಕ್ಕ! ಅಂಗಿಯ ಮೇಲ್ಜೇಬಿನಿಂದ ಚಾಕು ತೆಗೆದು, ಉಗುರು ಸಿಕ್ಕಿಸಿ ಎಳೆದ. ಪಾರ್ಸೆಲ್ ಸರ್ರನೆ ಬಿಚ್ಚಿಕೊಂಡಿತು. ಟಕ್ ಎಂದು ಮಡಚಿದ. ಆ ಸದ್ದಿಗೆ, ಕುರ್ಚಿಯಲ್ಲಿ ಕೂತಿದ್ದ ಇವನ ಮೈ ಜುಮ್ಮೆಂದಿತು. ಶಾಲೆಯ ವೇದಿಕೆಯಲ್ಲಿ ತನ್ನ ಮಗಳ ಹೆಸರು ಕರೆದಂತಾಯಿತು.

"ಎಷ್ಟು ಚೆನ್ನಾಗಿದೆ ಅಲ್ವಾ?" ಎಂದಳು ಪಕ್ಕದ ಮೇಜಿನಾಕೆ. ಈಗ ಅವನನ್ನೇ ನೋಡಿ.

"ತುಂಬಾ ಚೆನ್ನಾಗಿದೆ," ಎಂದ ಅವನು. ಮನಃಪೂರ್ವಕವಾಗಿಯೇ ಎಂದ.

ಆಮೇಲೆ ಆಫೀಸಿಗೆ ಹುಚ್ಚೇ ಹಿಡಿಯಿತು. ಇಷ್ಟು ವರ್ಷ ಯಾರಿಗೂ ತೊಂದರೆ ಕೊಡದೆ ನೇತಾಡುತ್ತಿದ್ದ ಪರದೆಯ ನೂಲು ಎಲ್ಲರ ಕಣ್ಣಿಗೂ ಬಿತ್ತು. ಹಣಕಾಸು ವಿಭಾಗದವರು ಪೆನ್ಸಿಲ್ ಹೆರೆಸಿಕೊಂಡರು. ಯಾರೋ ಸೇಬು ತಂದರು. ಗೇಟಣ್ಣ ಹತ್ತಿ ಇಳಿದು, ಇಳಿದು ಹತ್ತಿ, ಬೆವರಿ, ಹಲ್ಲು ಕಿರಿದುಕೊಂಡು ಓಡಾಡಿದ. ಚಾಕುವಿನ ಒಂದೊಂದು ಸಾಹಸವೂ ಕೂತಲ್ಲೇ ಇವನ ಕಿವಿಗೆ ಬೀಳುತ್ತಿತ್ತು. ಸೇಬಿನ ಒಂದು ಹೋಳು ಅವನಿಗೂ ಬಂತು. ಅಷ್ಟು ರುಚಿಯಾದ ಸೇಬನ್ನು ಅವನು ಹಿಂದೆಂದೂ ತಿಂದಿರಲಿಲ್ಲ.

ಮಧ್ಯಾಹ್ನ ಹೊಸ ನಕಲು ಯಂತ್ರದ ಉದ್ಘಾಟನೆ. ಮೇಲಧಿಕಾರಿಗೆ ಇಂಥದ್ದೆಂದರೆ ಪಂಚಪ್ರಾಣ. ಕೆಂಪು ರಿಬ್ಬನ್ ಕಟ್ಟಿಸಿ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ದರು. ಕತ್ತರಿ ಯಾವ ಮೇಜಿನಲ್ಲಿದೆಯೆಂದು ಯಾರಿಗೂ ನೆನಪಾಗಲಿಲ್ಲ. ಯಾರೂ ಹುಡುಕಲೂ ಇಲ್ಲ. "ಗೇಟಣ್ಣ!" ಎಂದು ಹತ್ತು ಬಾಯಿ ಒಟ್ಟಿಗೆ ಕೂಗಿದವು.

ರಿಬ್ಬನ್ ತುಂಡಾಯಿತು. ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಚಾಕು ಕೊಂಡವನೇ. ಮೇಲಧಿಕಾರಿ ಚಾಕುವನ್ನು ಬೆಳಕಿಗೆ ಹಿಡಿದು, ಮಡಚಿ, ಬಿಚ್ಚಿ, ಮತ್ತೆ ಮಡಚಿದರು.

"ಎಲ್ಲಿ ಸಿಕ್ತಪ್ಪಾ ನಿನಗೆ ಇದು? ಭಾರಿ ಗಟ್ಟಿಗ ನೀನು!"

"ಇದು ನಂದಲ್ಲ ಸಾರ್," ಎಂದ ಗೇಟಣ್ಣ. ಅವನ ಕಣ್ಣು ಸಾಲನ್ನು ಹುಡುಕುತ್ತ ಬಂತು. "ಇದು ನಮ್ಮ..."

ಕಣ್ಣು ಇವನ ಮೇಲೆ ನಿಂತಿತು. ಇವನು ಬಾಯಿ ತೆರೆದ. ಆ ಕ್ಷಣದಲ್ಲೇ ಕೆಳಗಿನ ಬಾಗಿಲ ಫಲಕ ನೆನಪಾಯಿತು. ಅಲಗು ತರಬಾರದೆಂದು ಬರೆದವನೇ ಅಲಗು ತಂದ! ಎಂಥ ನಗೆ ಏಳುತ್ತದೆ! ಇವನ ತಲೆ ತಾನಾಗಿಯೇ ಅಡ್ಡಡ್ಡ ಆಡಿತು. ಬೇಡ, ಬೇಡ. ಗೇಟಣ್ಣ ಮಾತು ತಿರುಗಿಸಿದ.

"...ನಮ್ಮ ಗೇಟಿಂದು ಸಾರ್."

"ಗೇಟಿಂದು! ಭೇಷ್!" ಎಂದರು ಮೇಲಧಿಕಾರಿ. ಎಲ್ಲರೂ ನಕ್ಕರು. ಅವನೂ ನಕ್ಕ, ಹೊಟ್ಟೆ ಹಿಡಿದುಕೊಂಡು ನಕ್ಕ. ಜೇಬಿನೊಳಗೆ ಬೆರಳುಗಳು ಬಿಲ್ಲೆಯನ್ನು ಅದುಮಿಕೊಂಡಿದ್ದವು. ಅಂಗೈಯಲ್ಲಿ ದುಂಡನೆಯ ಗುರುತು ಬಿದ್ದದ್ದನ್ನು ಅವನು ಆಮೇಲೆ ನೋಡಿದ.

ಸಂಜೆ ಎಲ್ಲರೂ ಹೋಗಲೆಂದು ಕಾದು, ಕೊನೆಯಲ್ಲಿ ಕೆಳಗಿಳಿದ. ಗೇಟಣ್ಣ ಚಾಕುವನ್ನು ಕರವಸ್ತ್ರದಿಂದ ಒರೆಸುತ್ತ ಕೂತಿದ್ದ. ಇವನನ್ನು ಕಂಡು ಎದ್ದು ನಿಂತ. ಆ ಮುಖ ಅಷ್ಟು ಅಗಲವಾದದ್ದನ್ನು ಇವನು ಯಾವತ್ತೂ ಕಂಡಿರಲಿಲ್ಲ.

"ಯಾಕೆ ಸಾರ್ ಬೇಡ ಅಂದ್ರಿ? ನಿಮ್ಮ ಹೆಸರು ಹೇಳ್ತಿದ್ದೆ."

"ಇರ್ಲಿ ಬಿಡಿ."

"ಈ ಬಾಗಿಲಿಗೆ ಬಂದಾಗಿಂದ ನನ್ನನ್ನ ಯಾರೂ ಮೇಲಕ್ಕೆ ಕರೆದಿರ್ಲಿಲ್ಲ, ಸಾರ್. ಮೇಲೆ ಹೇಗಿದೆ ಅಂತ್ಲೇ ಗೊತ್ತಿರ್ಲಿಲ್ಲ. ಕಿಟಕಿಯಿಂದ ಕೆರೆ ಕಾಣುತ್ತಲ್ಲ! ನೀವು ದಿನಾ ನೋಡ್ತೀರಾ ಅದನ್ನ?"

ಅವನು ಆ ಕೆರೆಯನ್ನು ಕೊನೆಯ ಸಲ ಯಾವಾಗ ನೋಡಿದ್ದೆನೆಂದು ನೆನೆಸಿಕೊಳ್ಳಲು ನೋಡಿದ. ಆಗಲಿಲ್ಲ.

ಗೇಟಣ್ಣ ಚಾಕು ಚಾಚಿದ. ಆದರೆ ಬಿಡಲಿಲ್ಲ. ಹಿಡಿಯ ಒಂದು ತುದಿ ಇವನ ಕೈಯಲ್ಲಿ, ಇನ್ನೊಂದು ಅವನ ಕೈಯಲ್ಲಿ.

"ಒಂದು ಮಾತು ಹೇಳ್ಲಾ? ತಪ್ಪು ತಿಳೀಬೇಡಿ. ಬೆಳಗ್ಗೆ ನೀವು ಹೇಗೂ ನನ್ನ ಕೈಗೆ ಕೊಡ್ಬೇಕು. ಸಂಜೆ ನಾನು ನಿಮ್ಮ ಕೈಗೆ. ಯಾಕೆ ಸುಮ್ನೆ ಹೊತ್ಕೊಂಡು ತಿರುಗೋದು? ಇಲ್ಲೇ ಇರ್ಲಿ. ಚಾಕು ನಿಮ್ಮದೇ. ಬಿಲ್ಲೆ ನಿಮ್ಮ ಹತ್ರಾನೇ ಇರುತ್ತಲ್ಲ, ಅದಕ್ಕಿಂತ ಗುರುತು ಬೇಕಾ?"

ಆ ಮುಖಕ್ಕೆ ಇಲ್ಲವೆನ್ನುವುದು ಹೇಗೆ? ತನಗೆ ಬೇಕಾಗಿದ್ದದ್ದೆಲ್ಲ ಇವತ್ತು ಗೇಟಣ್ಣನಿಗೆ ಸಿಕ್ಕಿತ್ತು. ತನ್ನಿಂದಲೇ ಸಿಕ್ಕಿತ್ತು. ಹೊಟ್ಟೆಕಿಚ್ಚು ಬರುತ್ತದೇನೋ ಎಂದು ಕಾದ, ಬರಲಿಲ್ಲ. ಬಂದದ್ದು ಒಂದು ಬೆಚ್ಚನೆಯ ಹಿಗ್ಗು.

"ಇರ್ಲಿ, ಇಟ್ಕೊಳ್ಳಿ," ಎಂದು ಕೈ ಬಿಟ್ಟ.

ದಾರಿಯುದ್ದಕ್ಕೂ ಸಿಳ್ಳೆ ಹಾಕಿದ. ಬಲಜೇಬಿನಲ್ಲಿ ಭಾರವಿತ್ತು. ಹೆಜ್ಜೆಹೆಜ್ಜೆಗೂ ಅದು ತೊಡೆಗೆ ತಾಗುತ್ತಿತ್ತು.

ಮನೆಯ ಬಾಗಿಲು ತೆರೆದರೆ ನಡುಮನೆಯಲ್ಲಿ ಇನ್ನೊಂದು ಬಾಗಿಲು ನಿಂತಿತ್ತು. ರಟ್ಟಿನದು, ಹಸಿರು ಬಣ್ಣದ್ದು, ಕೆಳಗೆ ಎರಡು ಪುಟ್ಟ ಕಾಲು. ಶಾಲೆಯ ನಾಟಕದಲ್ಲಿ ಮಗಳದು ಬಾಗಿಲಿನ ಪಾತ್ರ. ಮಾತಿಲ್ಲ, ತೆರೆದುಕೊಳ್ಳಬೇಕು, ಮುಚ್ಚಿಕೊಳ್ಳಬೇಕು, ಅಷ್ಟೆ. ಅವಳ ಬೆನ್ನ ಹಿಂದೆ ಹೆಂಡತಿ ಮಂಡಿಯೂರಿ, ರಟ್ಟು ಕಟ್ಟಿದ ದಾರದ ಗಂಟಿನೊಡನೆ ಗುದ್ದಾಡುತ್ತಿದ್ದಳು.

"ಬಿಗಿಯಾಗಿರ್ಲಿ ಅಂತ ಕಟ್ಟಿದೆ ಕಣ್ರೀ, ಈಗ ಬಿಚ್ಚೋಕೇ ಬರ್ತಿಲ್ಲ. ಏನು, ನಿಮ್ಮ ಮುಖ ಇಷ್ಟಗಲ ಇದೆ?"

"ಬೆಳಗ್ಗೆ ಒಂದು ಚಾಕು ತಗೊಂಡೆ," ಎಂದ. ಹೇಳತೊಡಗಿದ ಮೇಲೆ ತಡೆಯಲಾಗಲಿಲ್ಲ. ಕಂದು ಹಿಡಿ, ಟಕ್ ಎನ್ನುವ ಸದ್ದು, ಪಾರ್ಸೆಲ್, ಸೇಬು, ಕೆಂಪು ರಿಬ್ಬನ್, ಚಪ್ಪಾಳೆ. ಎಲ್ಲಾ ಹೇಳಿದ, ಅದು ಈಗ ಎಲ್ಲಿದೆ ಎಂಬುದೊಂದನ್ನು ಬಿಟ್ಟು. ಹೆಂಡತಿ ಕೈ ನಿಲ್ಲಿಸಿ ಕೇಳಿದಳು. ಅವನ ಮಾತಿಗೆ ಅವಳು ಕೈ ನಿಲ್ಲಿಸಿ ಎಷ್ಟು ಕಾಲವಾಗಿತ್ತೋ!

"ಹಾಗಾದ್ರೆ ಸುಮ್ನೆ ಒದ್ದಾಡ್ತಿದೀನಲ್ಲ ನಾನು," ಎಂದು ಅವಳು ನಕ್ಕು ಎದ್ದಳು. "ನೀವೇ ಬನ್ನಿ."

ರಟ್ಟಿನ ಬಾಗಿಲು ತಪತಪ ಹೆಜ್ಜೆಯಿಟ್ಟು ಅವನ ಕಡೆ ತಿರುಗಿತು. ನಡುವೆ, ಹೊರಗೆ ಯಾರಿದ್ದಾರೆಂದು ನೋಡಲು ಕೊರೆದ ಒಂದು ತೂತು. ತೂತಿನೊಳಗೆ ಒಂದು ಕಣ್ಣು. ಅದು ಕುರ್ಚಿ, ಬೀರು, ಅಮ್ಮ ಎಲ್ಲವನ್ನೂ ದಾಟಿಕೊಂಡು ಬಂದು ಅವನ ಮೇಲೆ ನಿಂತಿತು. ಮುಂದಕ್ಕೆ ಹೋಗಲಿಲ್ಲ.

"ಅಪ್ಪಾ, ಚಾಕು ಇದೆಯಾ?"

"ಇದೆ," ಎಂದ ಅವನು. "ಇದೆ, ಇದೆ."

"ಹಾಗಾದ್ರೆ ಬೇಗ. ಒಳಗೆ ಸೆಕೆ."

ಅವಳು ಬೆನ್ನು ತಿರುಗಿಸಿ ನಿಂತಳು. ಅವನು ಮಂಡಿಯೂರಿ, ಜೇಬಿಗೆ ಕೈ ಹಾಕಿ, ಬಿಲ್ಲೆಯನ್ನು ಹೊರತೆಗೆದ. ದಿನವಿಡೀ ಮೈಗೆ ತಾಗಿ ಅದು ಬೆಚ್ಚಗಿತ್ತು. ದೀಪದ ಕೆಳಗೆ ಚೆಂದಕ್ಕೆ ಹೊಳೆಯಿತು.

"ಒಂದೇ ನಿಮಿಷ, ಪುಟ್ಟಿ," ಎಂದ. ಬಿಲ್ಲೆಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಹೆಬ್ಬೆರಳಿನ ಉಗುರನ್ನು ಅದರ ದುಂಡನೆಯ ಅಂಚಿನ ಸುತ್ತ ಮೆಲ್ಲಗೆ ಆಡಿಸುತ್ತ, ಅಲಗು ಎಳೆಯುವ ಗೀರು ಹುಡುಕತೊಡಗಿದ.