ನಾಲ್ಕನೆಯ ಕೂಗು

ಮೂಗಿನ ಎರಡೂ ಹೊಳ್ಳೆಗಳನ್ನು ಬೆರಳುಗಳ ನಡುವೆ ಒತ್ತಿ ಹಿಡಿದು ಯಾಂಡೊ ಮೂರನೆಯ ಸಲ ಕೂಗಿದ. ಮೂಗು ಹಿಡಿದರೆ ಬಾಯಿ ತಾನಾಗಿ ತೆರೆಯುತ್ತದೆ, ಅದರಲ್ಲೇನೂ ಹೆಚ್ಚುಗಾರಿಕೆಯಿಲ್ಲ. ಹಾಗೆ ತೆರೆದ ಬಾಯಿಯಿಂದ ತಾಯಿ ತಪ್ಪಿದ ಕಿರುಜಿಂಕೆಯ ಮರಿಯ ಅಳು ಹೊರಡಿಸುವುದರಲ್ಲಿ ಇದೆ. ಯಾಂಡೊ ಅತ್ತರೆ ಮುದಿ ಜಿಂಕೆಗಳಿಗೂ ಕೆಚ್ಚಲು ತುಂಬುತ್ತದೆ ಎಂದು ಮಳೆಕಾಡಿನ ಆ ಬಾಕಾ ಜನರು ಬೀಡಿನಲ್ಲಿ ಕೂತು ನಗುತ್ತಿದ್ದರು.

ಕೂಗು ಹಸಿರಿನೊಳಗೆ ಇಂಗಿಹೋಯಿತು. ದೈತ್ಯ ಮರವೊಂದರ ಗೋಡೆಯಂಥ ಬೇರಿಗೆ ಬೆನ್ನು ಕೊಟ್ಟು, ಈಟಿಯನ್ನು ತೊಡೆಯ ಮೇಲೆ ಅಡ್ಡ ಇಟ್ಟು, ಉಸಿರು ಸಣ್ಣಗೆ ಮಾಡಿ ಕಾದ. ಏನೂ ಬರಲಿಲ್ಲ.

ಇಪ್ಪತ್ತು ಹೆಜ್ಜೆ ಆಚೆ ಅವನ ಅತ್ತೆ ಲೊಂಬೆ ಕಾಡುಗೆಣಸು ಅಗೆಯುತ್ತಿದ್ದಳು. ಗುಂಡಿ ಆಗಲೇ ಸೊಂಟದಷ್ಟು ಆಳವಾಗಿತ್ತು. ಅವಳು ಅಂಚಿನಲ್ಲಿ ಮಂಡಿಯೂರಿ ತಲೆ, ತೋಳು ಎಲ್ಲ ಒಳಗೆ ಹಾಕಿದ್ದರಿಂದ ಹೊರಗೆ ಕಾಣುತ್ತಿದ್ದದ್ದು ಬಾಗಿದ ಬೆನ್ನೊಂದೇ. ಒಳಗಿನಿಂದಲೇ ಅವಳು ಪಕ್ಕದಲ್ಲಿಟ್ಟಿದ್ದ ತನ್ನ ಬುಟ್ಟಿಗೆ ಹೇಳಿದಳು: “ಬುಟ್ಟಿ, ನಿನಗೆ ನೆನಪಿದ್ಯಾ? ಈ ಕಾಡಲ್ಲಿ ಒಬ್ಬರಿದ್ರು. ಎರಡನೇ ಕೂಗಿಗೇ ಜಿಂಕೆ ಬಂದು ಅವರ ಕಾಲು ನೆಕ್ತಿತ್ತು.”

ಬುಟ್ಟಿಗೆ ಹೇಳಿದ್ದೆಲ್ಲ ಅಳಿಯನಿಗೆ. ಅಳಿಯನಾದವನು ಅತ್ತೆಯ ಮುಖ ನೋಡುವಂತಿಲ್ಲ, ಹೆಸರೆತ್ತುವಂತಿಲ್ಲ, ಎದುರು ನಿಂತು ಮಾತಾಡುವಂತಿಲ್ಲ. ಅತ್ತೆ ಇತ್ತ ಬಂದರೆ ಅಳಿಯ ಅತ್ತ. ಅಕಸ್ಮಾತ್ ಅವನ ಮಾತು ನೇರವಾಗಿ ಕಿವಿಗೆ ಬಿದ್ದರೆ ಅವಳು ಇದ್ದಲ್ಲೇ ಕುಗ್ಗಿ ಕೂತು, ತಲೆ ತಗ್ಗಿಸಿ, ಎರಡೂ ಕೈಗಳಿಂದ ಮುಖ ಮುಚ್ಚಿಕೊಳ್ಳಬೇಕು. ಆರು ವರ್ಷಗಳಲ್ಲಿ ಲೊಂಬೆಗೆ ಇದು ಸೀನು ಬಂದಷ್ಟೇ ಸಹಜವಾಗಿಬಿಟ್ಟಿತ್ತು. ಮನಸ್ಸು ತಿಳಿಯುವ ಮೊದಲೇ ಮೈ ಕುಗ್ಗುತ್ತಿತ್ತು.

ಬೆಳಿಗ್ಗೆ ಹೊರಟಾಗ ನಡುವೆ ಮಾತು ಸಾಗಿಸಲು ನೆರೆಯ ಬಾಲಾ ಎಂಬಾಕೆ ಜೊತೆಗಿದ್ದಳು. ಅರ್ಧ ದಾರಿಯಲ್ಲಿ ಅಂಗಾಲಿಗೆ ಮುಳ್ಳು ಮುರಿದು ಕುಂಟುತ್ತ ಹಿಂದಿರುಗಿದಳು. ಆಗಲೇ ಇಬ್ಬರೂ ವಾಪಸಾಗಬೇಕಿತ್ತು. ಆದರೆ ಯಾಂಡೊನ ಹೆಂಡತಿ ಮೆತಿನಾ ಹೆತ್ತು ಒಂಬತ್ತು ದಿನವಾಗಿತ್ತು, ಎದೆಯಲ್ಲಿ ಹಾಲಿರಲಿಲ್ಲ. ಮಗು ಅತ್ತು ಅತ್ತು ಈಗ ಅಳುವುದನ್ನೂ ಕಡಿಮೆ ಮಾಡಿತ್ತು. ಬಾಣಂತಿಗೆ ಮಾಂಸ ಬೇಕು, ಗೆಣಸು ಬೇಕು. ಮಗಳ ತಾಯಿ ಒಂದು ತರಬೇಕು, ಮಗುವಿನ ತಂದೆ ಇನ್ನೊಂದು. ಹಾಗಾಗಿ ಲೊಂಬೆ ಬುಟ್ಟಿಯೊಡನೆ, ಯಾಂಡೊ ಈಟಿಯೊಡನೆ ಮಾತಾಡುತ್ತ ಮುಂದುವರಿದಿದ್ದರು.

ಸಿದ್ಧತೆಯಲ್ಲಿ ಅವನು ಏನೂ ಬಿಟ್ಟಿರಲಿಲ್ಲ. ಮುಂಜಾನೆ ತೊಗಟೆಯ ಹೊಗೆಯಲ್ಲಿ ಕಣ್ಣುರಿಯುವ ತನಕ ನಿಂತು ಮೈಯ ವಾಸನೆ ಕಳೆದುಕೊಂಡಿದ್ದ. ಕೆಂಡವನ್ನು ಹಸಿ ಎಲೆಯಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿದ್ದ. ತಿರುವು ಬಂದಲ್ಲೆಲ್ಲ ಗಿಡದ ಟಿಸಿಲು ಮುರಿದು, ಎಲೆಯ ಬಿಳಿ ಮಗ್ಗುಲು ಮನೆಯ ಕಡೆ ನೋಡುವಂತೆ ಬಗ್ಗಿಸಿದ್ದ. ಚಿಟಿಕೆ ಬೂದಿ ತೂರಿ ಗಾಳಿ ನೋಡಿದ್ದ. ಇದನ್ನೆಲ್ಲ ಕಲಿಸಿದವನು ಮಾವ, ಲೊಂಬೆಯ ಗಂಡ ಮೊಸೊಲೊ. ಕಲಿಸಿದ್ದರಲ್ಲಿ ಇನ್ನೊಂದು ಮಾತೂ ಇತ್ತು: ಮೂರು ಸಲ ಕೂಗಿದರೆ ಜಿಂಕೆ ಬರುತ್ತದೆ, ಬರದಿದ್ದರೆ ಎದ್ದು ಜಾಗ ಬಿಡು, ಮರಿಯ ಅಳು ಕೇಳಿಸುವುದು ತಾಯಿಗೆ ಮಾತ್ರವಲ್ಲ.

ಮೊಸೊಲೊ ಕಳೆದ ಮಳೆಯಲ್ಲಿ ಜ್ವರ ಬಂದು ಸತ್ತಿದ್ದ. ಎರಡನೇ ಕೂಗಿಗೇ ಕಾಲು ನೆಕ್ಕಿಸಿಕೊಳ್ಳುತ್ತಿದ್ದವನು ಅವನೇ. ಸತ್ತವನೊಡನೆ ಪಂದ್ಯ ಕಟ್ಟಿ ಗೆದ್ದವರಿಲ್ಲ. ಆದರೂ ಯಾಂಡೊನ ಕಿವಿ ಬಿಸಿಯಾಯಿತು. ಮೂಗು ಹಿಡಿದು ನಾಲ್ಕನೆಯ ಸಲ ಕೂಗಿದ. ಉದ್ದಕ್ಕೆ, ಕೊನೆಯಲ್ಲಿ ಸ್ವಲ್ಪ ಬಿಕ್ಕಳಿಕೆ ಸೇರಿಸಿ, ಮನೆಯಲ್ಲಿದ್ದ ಮಗುವಿನಂತೆ.

ಮೊದಲು ನಿಂತದ್ದು ಜೀರುಂಡೆಗಳ ಸದ್ದು. ಆಮೇಲೆ ಮೇಲಿನ ಕೊಂಬೆಯಲ್ಲಿ ಕೋತಿಯೊಂದು ಕೆಮ್ಮಿದಂತೆ ಎರಡು ಸಲ ಕೂಗಿತು. ಹದ್ದು ಕಂಡಾಗಿನ ಕೂಗೇ ಬೇರೆ, ಇದೇ ಬೇರೆ. ನಡೆಯಲು ಕಲಿತ ಬಾಕಾ ಮಗುವಿಗೂ ಆ ವ್ಯತ್ಯಾಸ ಗೊತ್ತು.

ಎಲ್ಲಿದೆ ಎಂದು ಯಾಂಡೊ ತಟ್ಟನೆ ತಿರುಗಿ ನೋಡಲಿಲ್ಲ. ತಲೆ ತಿರುಗಿಸದೆ ಕಣ್ಣುಗುಡ್ಡೆ ಮಾತ್ರ ಸರಿಸಿದ. ಎಲೆ, ನೆರಳು, ಎಲೆ, ಬಿಸಿಲ ಚುಕ್ಕೆ. ಒಂದು ಕಡೆಯ ಚುಕ್ಕೆಗಳು ಉಸಿರಾಡುತ್ತಿದ್ದವು.

ಚಿರತೆ ಅವನಿಗೂ ಗುಂಡಿಗೂ ನಡುವೆ, ಗುಂಡಿಗೆ ಹತ್ತಿರ, ಹೊಟ್ಟೆಯನ್ನು ನೆಲಕ್ಕೆ ಹಚ್ಚಿ ಕೂತಿತ್ತು. ಅದರ ಬೆನ್ನು ಇವನ ಕಡೆ, ಮುಖ ಅತ್ತೆಯ ಕಡೆ. ಅಳುವ ಮರಿಯನ್ನು ಹುಡುಕಿ ಬಂದದ್ದಕ್ಕೆ ಕಂಡದ್ದು ನೆಲ ಕೆರೆಯುತ್ತಿರುವ, ತಲೆಯೇ ಇಲ್ಲದ, ಮರಿಗಿಂತ ಸ್ವಲ್ಪ ದೊಡ್ಡದಾದ ಒಂದು ಕಂದು ಬೆನ್ನು. ಚಿರತೆಯ ಬಾಲದ ತುದಿ ಮಾತ್ರ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಆಡುತ್ತಿತ್ತು. ಗುಂಡಿಯೊಳಗಿಂದ ಲೊಂಬೆಯ ಗೊಣಗಾಟ, ಕೋಲು ಮಣ್ಣಿಗೆ ತಾಗುವ ಸದ್ದು ಬರುತ್ತಲೇ ಇತ್ತು.

ಈಟಿ ಎಸೆಯಬಹುದೇ? ನಡುವೆ ತೋಳು ದಪ್ಪದ ಬಳ್ಳಿಗಳು ಜೋತಾಡುತ್ತಿದ್ದವು. ತಾಗದಿದ್ದರೆ ಒಂದು ಕಷ್ಟ, ಅರ್ಧ ತಾಗಿದರೆ ಅದಕ್ಕಿಂತ ದೊಡ್ಡ ಕಷ್ಟ. ಕೂಗಿ ಎಚ್ಚರಿಸಬಹುದೇ? ಅವನ ಮಾತು ಕೇಳಿದ ಕೂಡಲೇ ಅವಳು ಮುಖ ಮುಚ್ಚಿ ಇನ್ನಷ್ಟು ಕುಗ್ಗುತ್ತಾಳೆ, ಇನ್ನಷ್ಟು ಚಿಕ್ಕವಳಾಗುತ್ತಾಳೆ. ಕುಗ್ಗಿದ್ದರ ಮೇಲೆ ಅದು ಹಾರುತ್ತದೆ. ಚಿರತೆ ಎಂದು ಅರಚಿದರೆ ಓಡುತ್ತಾಳೆ. ಓಡಿದ್ದರ ಮೇಲೂ ಹಾರುತ್ತದೆ. ಅವಳು ಎದ್ದು ನಿಲ್ಲಬೇಕು. ಎರಡು ಕಾಲಿನ ಮನುಷ್ಯಳಾಗಿ, ನಿಧಾನವಾಗಿ, ಎತ್ತರಕ್ಕೆ. ಈಗಲೇ.

ಆದರೂ ಅವನು ಬಾಯಿ ತೆರೆದ. ಏನಾದರೂ ಬರಲಿ ಎಂದು. ಬಂದದ್ದು ಮೂಗು ಹಿಡಿಯದೆಯೂ ಜಿಂಕೆಮರಿಯ ಸಣ್ಣ ಅಳು. ಗಂಟಲು ಅದನ್ನೊಂದನ್ನೇ ಬಲ್ಲದು ಎನ್ನುವಂತೆ. ಚಿರತೆಯ ಒಂದು ಕಿವಿ ಹಿಂದಕ್ಕೆ ತಿರುಗಿ, ಮತ್ತೆ ಮುಂದಕ್ಕೆ ಹೋಯಿತು. ಹಿಂಗಾಲುಗಳು ನೆಲದಲ್ಲಿ ಹಿಡಿತ ಹುಡುಕತೊಡಗಿದವು. ಯಾಂಡೊನ ತೊಡೆಗಳ ನಡುವೆ ಬೆಚ್ಚಗೆ ಏನೋ ಹರಿಯಿತು.

ಬೀಡಿನಲ್ಲಿ ಅವನು ಅಣಕಿಸದವರಿರಲಿಲ್ಲ. ಸಾಬೂನು ಮಾರುವವನ ಮೂಗುದನಿ, ಅರಣ್ಯ ಕಾವಲುಗಾರನ ಬೂಟಿನ ದರ್ಪ, ಬಾಲಾಳ ಗೊರಕೆ. ಬೆಂಕಿಯ ಸುತ್ತ ಕೂತವರು ಹೊಟ್ಟೆ ಹಿಡಿದುಕೊಂಡು ಬೀಳುತ್ತಿದ್ದರು. ಮೊಸೊಲೊ ಬದುಕಿದ್ದಾಗ ಅವನನ್ನೂ ಬಿಟ್ಟಿರಲಿಲ್ಲ. ಸತ್ತ ಮೇಲೆ ಬೀಡು ಎತ್ತಿ ಬೇರೆ ಕಡೆ ಹೂಡಿದಾಗ, ಆ ದನಿಯೊಂದನ್ನು ಹಿಂದೆಯೇ ಬಿಟ್ಟು ಬರಬೇಕೆಂದು ಲೊಂಬೆ ಮಗಳ ಮೂಲಕ ಹೇಳಿ ಕಳಿಸಿದ್ದಳು. ಹೇಳಬೇಕಾಗಿಯೂ ಇರಲಿಲ್ಲ. ಸತ್ತವರ ದನಿ ಎತ್ತಿದರೆ, ತಮ್ಮದನ್ನು ಯಾರು ಕದ್ದರೆಂದು ಅವರು ಹುಡುಕಿಕೊಂಡು ಬರುತ್ತಾರೆ.

ಕಾಡಿನಲ್ಲಿ ಮೊಸೊಲೊ ಕೆಮ್ಮಿದ. ಮೊದಲು ಎರಡು ಸಲ ಗಂಟಲು ಕೆರೆದು, ಆಮೇಲೆ ಜಗತ್ತಿನಲ್ಲಿ ಯಾವುದಕ್ಕೂ ಅವಸರವಿಲ್ಲ ಎನ್ನುವ ಆ ಸೋಮಾರಿ ದಪ್ಪ ದನಿಯಲ್ಲಿ ಮಾತಾಡಿದ.

“ಏ ಗೆಣಸುಗಳ್ಳಿ. ಎದ್ದೇಳೆ.”

ಕೋಲಿನ ಸದ್ದು ನಿಂತಿತು. ಯಾಂಡೊನಿಗೆ ತನ್ನ ತುಟಿಗಳು ಆಡುವುದು ಗೊತ್ತಾಗುತ್ತಿತ್ತು. ದನಿ ಮಾತ್ರ ಬೆನ್ನ ಹಿಂದಿನ ಮರದೊಳಗಿಂದ ಬಂದಂತಿತ್ತು.

“ತಿರುಗ್ಬೇಡ. ಓಡ್ಬೇಡ. ನಿಧಾನಕ್ಕೆ ಏಳು. ಬುಟ್ಟಿ ತಲೆ ಮೇಲೆ ಎತ್ತಿ ಹಿಡ್ಕೋ, ಎರಡೂ ಕೈಲಿ.”

ಗುಂಡಿಯಿಂದ ತಲೆ ಮೇಲೆ ಬಂತು. ಕೂದಲ ತುಂಬ ಕೆಮ್ಮಣ್ಣು. ಒಂದು ಕೈ ತಡಕಾಡಿ ಬುಟ್ಟಿಯನ್ನು ಹಿಡಿಯಿತು. ಅವಳು ಎದ್ದಳು, ಸೊಂಟ ನೆಟ್ಟಗಾಯಿತು, ಬುಟ್ಟಿ ತಲೆಯ ಮೇಲೇರಿತು, ಅದರೊಳಗಿನ ಎರಡು ಗೆಣಸು ಉರುಳಿ ಹೆಗಲಿಗೆ ತಾಗಿ ಕೆಳಗೆ ಬಿದ್ದವು. ಚಿರತೆ ಬಿದ್ದ ಗೆಣಸನ್ನು ನೋಡಿತು. ಆಮೇಲೆ ಇದ್ದಕ್ಕಿದ್ದಂತೆ ಮರದಷ್ಟು ಎತ್ತರವಾಗಿಬಿಟ್ಟ ಆ ಬೆನ್ನನ್ನು ನೋಡಿತು.

“ಬಂದೆ, ಇರಿ,” ಎಂದಳು ಲೊಂಬೆ. “ಯಾವಾಗ್ಲೂ ನಿಮಗೆ ಅವಸರ.”

ಆ ದನಿಯನ್ನು ಯಾಂಡೊ ಆರು ವರ್ಷಗಳಲ್ಲಿ ಒಂದು ಸಲವೂ ಕೇಳಿರಲಿಲ್ಲ. ಅದು ಅತ್ತೆಯ ದನಿಯಾಗಿರಲಿಲ್ಲ. ಯಾರೋ ಹರೆಯದ ಹೆಣ್ಣು, ಗಂಡನಿಗೆ ಸುಳ್ಳುಸುಳ್ಳೇ ಮುನಿಸು ತೋರಿಸುವಂತಿತ್ತು.

ಚಿರತೆ ಎದ್ದು ನಿಂತಿತು. ಒಮ್ಮೆ ಅವಳನ್ನು, ಒಮ್ಮೆ ಹಿಂದಕ್ಕೆ ತಿರುಗಿ ದನಿ ಬಂದ ಕಡೆ, ಯಾಂಡೊನ ಕಣ್ಣನ್ನೇ ನೋಡಿತು. ಹಳದಿ ಕಣ್ಣುಗಳಲ್ಲಿ ಕೋಪವಿರಲಿಲ್ಲ, ಲೆಕ್ಕಾಚಾರವಿತ್ತು. ಯಾಂಡೊ ಈಟಿಯ ಮೊನೆಯನ್ನು ಅದರತ್ತ ಹಿಡಿದು, ಬೇರಿಗೆ ಬೆನ್ನುಜ್ಜುತ್ತ ಇಂಚಿಂಚಾಗಿ ಎದ್ದ. ಚಿರತೆ ತಲೆ ತಗ್ಗಿಸಿ, ಯಾವ ಎಲೆಯನ್ನೂ ಅಲುಗಿಸದೆ, ಅವರಿಬ್ಬರ ನಡುವಿನಿಂದ ಪಕ್ಕಕ್ಕೆ ಕರಗಿಹೋಯಿತು. ಕೋತಿಗಳ ಕೆಮ್ಮು ಮರದಿಂದ ಮರಕ್ಕೆ ಅದರ ಜೊತೆ ದೂರ ಸಾಗಿತು.

ಲೊಂಬೆ ಬುಟ್ಟಿ ಹೊತ್ತು ಹಾಗೇ ನಿಂತಿದ್ದಳು. ಮುಂದಿನ ಮಾತಿಗಾಗಿ ಕಾಯುತ್ತಿದ್ದಳು. ಯಾಂಡೊ ನೆಲ ನೋಡುತ್ತ ನಿಂತ. ಕೊನೆಗೆ ಅವಳು ಬುಟ್ಟಿ ಇಳಿಸಿದಳು. ಚಿರತೆಯ ಹೊಟ್ಟೆ ಒತ್ತಿದ್ದ ಹುಲ್ಲಿಗೆ ಅಂಗೈ ಊರಿ, ಬೆಚ್ಚಗಿದ್ದದ್ದನ್ನು ತಿಳಿದುಕೊಂಡಳು. ಆಮೇಲೆ ಚೆಲ್ಲಿದ್ದ ಗೆಣಸನ್ನು ಒಂದೊಂದಾಗಿ ಆರಿಸಿ ತುಂಬಿಕೊಂಡು ಬೀಡಿನ ಕಡೆ ಹೊರಟಳು.

ಅವಳು ಮುಂದೆ, ಅವನು ಹಿಂದೆ. ಯಾಂಡೊ ಹತ್ತು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತಿದ್ದ. ಚಿರತೆ ಹಿಂದೆ ಬಂದರೆ ಅದಕ್ಕೆ ಈಟಿಯಿತ್ತು. ಬೇರೆ ಯಾರಾದರೂ ಬಂದರೆ ಏನು ಮಾಡುವುದೆಂದು ಅವನಿಗೆ ಗೊತ್ತಿರಲಿಲ್ಲ. ಗಂಟಲಲ್ಲಿ ಆ ದಪ್ಪ ದನಿ ಇನ್ನೂ ಕೂತೇ ಇತ್ತು.

ಹಳ್ಳದ ನಡುವೆ, ಮೊಣಕಾಲುದ್ದದ ನೀರಿನಲ್ಲಿ ಲೊಂಬೆ ನಿಂತುಬಿಟ್ಟಳು. ತಿರುಗಲಿಲ್ಲ.

“ಅವರ ದನಿ, ಇನ್ನೊಂದ್ಸಲ,” ಎಂದಳು. ಬುಟ್ಟಿಗಲ್ಲ, ನೀರಿಗಲ್ಲ. ನೇರವಾಗಿ ಅವನಿಗೆ.

ದಡದಲ್ಲಿ ಯಾಂಡೊ ಬಾಯಿ ತೆರೆದ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ಅವಳ ಕಾಲಿಗೆ ಮೆತ್ತಿದ್ದ ಕೆಮ್ಮಣ್ಣು ಮೆಲ್ಲಗೆ ಕರಗಿ, ಎರಡು ಕೆಂಪು ಎಳೆಗಳಾಗಿ ನೀರಿನೊಡನೆ ಹೋಗುತ್ತಿತ್ತು. ಎಳೆಗಳು ತೆಳ್ಳಗಾದವು, ಕಾಣದಾದವು, ನೀರು ತಿಳಿಯಾಯಿತು. ಅವಳು ಇನ್ನೂ ನಿಂತೇ ಇದ್ದಳು.